ಬೇಣದ ಹುಲ್ಲು ಎಲ್ಲಿ ಕೆಟ್ಟಿತು? ಕೊಯ್ಲಿನಿಂದ ಅಟ್ಟದವರೆಗೆ ದೋಷ ಹುಡುಕುವ ಕೈಪಿಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಬೇಣಗಳಲ್ಲೂ, ಅಂದರೆ ಹುಲ್ಲುಗಾವಲುಗಳಲ್ಲೂ, ಘಟ್ಟದ ಕೆಳಗೆ ಕುಮಟಾ, ಅಂಕೋಲಾ, ಕಾರವಾರದ ಗುಡ್ಡದ ತಪ್ಪಲಲ್ಲೂ ಒಣಹುಲ್ಲು ಮಾಡುವವರಿಗಾಗಿ ಇದನ್ನು ಬರೆದಿದೆ. ಹುಲ್ಲು ಕೆಟ್ಟಿದ್ದು ಕಣ್ಣಿಗೆ ಬೀಳುವುದು ಜನವರಿಯಲ್ಲಿ, ಅಟ್ಟ ಹತ್ತಿದಾಗ. ಆದರೆ ಹತ್ತರಲ್ಲಿ ಎಂಟು ಸಲ ಅದರ ಮೂಲ ಕೊಯ್ದ ನಂತರದ ಎರಡು ದಿನಗಳಲ್ಲಿ ಸಿಗುತ್ತದೆ. ಹಾಗಾಗಿ ಇಲ್ಲಿ ಒಣಗಿಸುವುದಕ್ಕೂ ತೇವ ನೋಡುವುದಕ್ಕೂ ಹೆಚ್ಚು ಜಾಗ ಕೊಟ್ಟಿದೆ.

ಗೊಣಬೆಯಿಂದ (ಹುಲ್ಲಿನ ಬಣವೆ) ಬಿಸಿ ಹಬೆ ಬರುತ್ತಿದ್ದರೆ ಅಥವಾ ಸುಟ್ಟ ವಾಸನೆ ಇದ್ದರೆ ಉಳಿದದ್ದನ್ನೆಲ್ಲ ಬಿಟ್ಟು ಮೊದಲು "ಗೊಣಬೆ ಬಿಸಿಯಾಗಿದೆ" ಎಂಬ ಭಾಗ ಓದಿ.

ಕೊಯ್ದ ಜಾಗದಲ್ಲಿ ಚಿಗುರು ಬರುತ್ತಿಲ್ಲ

ಮೊದಲು ಕೂಳೆಯ, ಅಂದರೆ ಕೊಯ್ದ ಮೇಲೆ ಉಳಿದ ಬುಡದ ಎತ್ತರ ನೋಡಿ. ಅದಕ್ಕೆ ಖರ್ಚಿಲ್ಲ, ಕುಕ್ಕರಗಾಲಲ್ಲಿ ಕೂತು ಬೆರಳು ಇಟ್ಟರೆ ಸಾಕು. ನಾಟಿ ಹುಲ್ಲಿನ ಕೂಳೆ ಕನಿಷ್ಠ ನಾಲ್ಕು ಬೆರಳು, ಅಂದರೆ 8ರಿಂದ 10 ಸೆಂಟಿಮೀಟರ್ ಉಳಿದಿರಬೇಕು. ಗಿನಿ ಹುಲ್ಲು, ನೇಪಿಯರ್ ಆದರೆ 10ರಿಂದ 15. ಮರುಚಿಗುರಿಗೆ ಬೇಕಾದ ಆಹಾರವನ್ನು ಹುಲ್ಲು ಕಾಂಡದ ಬುಡದಲ್ಲೇ ಕೂಡಿಟ್ಟಿರುತ್ತದೆ. ಅದನ್ನೂ ಬೋಳಿಸಿದರೆ ಬೇರು ಉಪವಾಸ ಬೀಳುತ್ತದೆ. ನೆಲ ಮಣ್ಣಿನ ಬಣ್ಣಕ್ಕೆ ತಿರುಗಿದಂತೆ ಕಂಡರೆ ಕಾರಣ ಇದೇ. ಮುಂದಿನ ಕೊಯ್ಲನ್ನು ಎರಡು ವಾರ ತಡ ಮಾಡಿ, ಅಲ್ಲಿಯವರೆಗೆ ದನ ಬಿಡಬೇಡಿ.

ಕೂಳೆ ಸರಿಯಿದ್ದು ಎಲೆ ಹಳದಿಯಾಗಿದ್ದರೆ ಯಾವ ಎಲೆ ಎಂದು ಗಮನಿಸಿ. ಕೆಳಗಿನ ಹಳೆ ಎಲೆ ತುದಿಯಿಂದ ನಡುದಂಟಿನವರೆಗೆ ಹಳದಿಯಾದರೆ ಸಾರಜನಕದ ಕೊರತೆ. ಹಳೆ ಎಲೆಯ ಅಂಚು ಮಾತ್ರ ಸುಟ್ಟಂತಾದರೆ ಪೊಟ್ಯಾಷ್. ಎಲೆ ಕಡುಹಸಿರಾಗಿ ನೇರಳೆ ಛಾಯೆ ಬಂದು ಗಿಡ ಕುಳ್ಳಾಗಿದ್ದರೆ ರಂಜಕ. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣು ಹುಳಿ ಮಣ್ಣು, ರಂಜಕವನ್ನು ಹಿಡಿದುಕೊಂಡು ಬಿಡದ ಗುಣ ಅದಕ್ಕಿದೆ.

ಒಂದು ಟನ್ ಒಣಹುಲ್ಲು ಹೊತ್ತು ತಂದರೆ ಅದರ ಜೊತೆ ಕಿಲೋಗಟ್ಟಲೆ ಸಾರಜನಕ, ಪೊಟ್ಯಾಷ್ ಬೇಣದಿಂದ ಹೊರಬೀಳುತ್ತದೆ. ಆ ಗೊಬ್ಬರ ಎಲ್ಲಿಗೆ ಹೋಯಿತು? ಕೊಟ್ಟಿಗೆಗೆ, ಅಲ್ಲಿಂದ ಗುಂಡಿಗೆ, ಗುಂಡಿಯಿಂದ ಅಡಿಕೆ ಮರದ ಬುಡಕ್ಕೆ. ತೋಟ ಉಂಡು ಬೇಣ ಬಡವಾದದ್ದು ಹೀಗೆ. ವರ್ಷಕ್ಕೊಮ್ಮೆ ಮುಂಗಾರಿನ ಮೊದಲ ಮಳೆಗೆ ಎಕರೆಗೆ ಎರಡು ಟನ್ ಕೊಟ್ಟಿಗೆ ಗೊಬ್ಬರವಾದರೂ ವಾಪಸ್ ಹೋಗಲಿ. ಗೋಬರ್ ಗ್ಯಾಸ್ ಸ್ಲರಿ ಇದ್ದವರು ನೀರು ಬೆರೆಸಿ ಕೊಯ್ಲಾದ ವಾರದೊಳಗೆ ಬಿಡಬಹುದು. ಯೂರಿಯಾ ಹಾಕುವುದಾದರೆ ಗುಂಟೆಗೆ ಅರ್ಧ ಕಿಲೋ ಸಾಕು, ಅದೂ ಮಣ್ಣು ಹಸಿಯಿದ್ದಾಗ. ಹಾಕಿ ಮೂರು ವಾರ ಕಳೆಯುವವರೆಗೆ ಆ ಹುಲ್ಲು ಕೊಯ್ಯಬೇಡಿ, ಕಾರಣ ಮುಂದೆ ದನದ ಭಾಗದಲ್ಲಿದೆ.

ಇಷ್ಟರ ಮೇಲೂ ಚೇತರಿಸದಿದ್ದರೆ ಮಣ್ಣು ಪರೀಕ್ಷೆ ಮಾಡಿಸಿ. ಎಂಟು ಹತ್ತು ಕಡೆ ಆರಿಂಚು ಆಳದ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ಒಯ್ಯಿರಿ. ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ಸುಣ್ಣ ಎಷ್ಟು ಎಂಬುದನ್ನು ಆ ವರದಿ ಹೇಳಲಿ, ಕಣ್ಣಂದಾಜಿಗೆ ಸುರಿಯಬೇಡಿ. ಘಟ್ಟದ ಕೆಳಗೆ ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಅಂಚಿನ ಹುಲ್ಲು ಬೇಸಿಗೆಯಲ್ಲಿ ತುದಿ ಸುಟ್ಟು ತೇಪೆ ತೇಪೆಯಾಗಿ ಸತ್ತರೆ ಅದು ಉಪ್ಪುನೀರಿನ ಕೆಲಸ. ಅಲ್ಲಿ ಗೊಬ್ಬರ ದಂಡ, ಮೊದಲು ಒಡ್ಡು ನೋಡಬೇಕು.

ವರ್ಷದಿಂದ ವರ್ಷಕ್ಕೆ ಹುಲ್ಲು ತೆಳುವಾಗುತ್ತಿದೆ, ಕಳೆ ಏರುತ್ತಿದೆ

ಬೇಣದ ಹುಲ್ಲಿನಲ್ಲಿ ಬೀಜದಿಂದಲೇ ಮರುಹುಟ್ಟು ಪಡೆಯುವ ಜಾತಿಗಳೂ ಇವೆ. ಪ್ರತಿ ವರ್ಷ ಬೀಜ ಉದುರುವ ಮೊದಲೇ ಪೂರ್ತಿ ಬೇಣ ಸವರಿದರೆ ಅವು ಕಡಿಮೆಯಾಗುತ್ತವೆ. ಹತ್ತರಲ್ಲಿ ಒಂದು ಪಾಲು ಪಟ್ಟಿಯನ್ನು ಕೊಯ್ಯದೆ ಬಿಡಿ, ಮರುವರ್ಷ ಬೇರೆ ಪಟ್ಟಿ.

ಬೆಂಕಿ ಹಾಕುವ ರೂಢಿಯಿದ್ದರೆ ಬಿಡಬೇಕು. ಬೆಂಕಿ ಬಿದ್ದಲ್ಲಿ ಸೂಜಿಯಂಥ ಬೀಜದ, ಉದ್ದ ಮೀಸೆಯ ಹುಲ್ಲೇ ಮೇಲುಗೈಯಾಗುತ್ತದೆ. ಅದರ ಬೀಜ ಬಲಿತ ಮೇಲೆ ಕೊಯ್ದರೆ ದನದ ವಸಡಿಗೂ ನಾಲಿಗೆಗೂ ಚುಚ್ಚುತ್ತದೆ. ತೆನೆ ಇಣುಕುವ ಹೊತ್ತಿಗೇ ಕೊಯ್ದುಬಿಟ್ಟರೆ ಅದೂ ಒಳ್ಳೆ ಮೇವೇ.

ಕಮ್ಯುನಿಸ್ಟ್ ಗಿಡವನ್ನು ಹೂ ಬಿಡುವ ಮುಂಚೆ, ಅಂದರೆ ಮಳೆಗಾಲ ಮುಗಿಯುತ್ತಿದ್ದಂತೆ ನೆಲ ಹಸಿಯಿರುವಾಗ ಬೇರು ಸಮೇತ ಕೀಳಬೇಕು. ಸವರಿದರೆ ಒಂದಕ್ಕೆ ನಾಲ್ಕು ಚಿಗುರುತ್ತದೆ. ಚದುರಂಗಿ (ಲಂಟಾನ) ಇದ್ದ ಮಟ್ಟಿಯ ಸುತ್ತ ಎರಡು ಮೊಳ ಜಾಗದ ಹುಲ್ಲನ್ನು ಮೇವಿಗೆ ಸೇರಿಸಲೇಬೇಡಿ. ಅದರ ಎಲೆ ಒಣಗಿದರೂ ವಿಷ ಹೋಗುವುದಿಲ್ಲ.

ಕೊಯ್ದ ತುದಿ ಹರಿದಂತಿದೆ, ಯಂತ್ರ ಎಳೆಯುತ್ತಿದೆ

ಬ್ರಷ್ ಕಟರ್‌ಗೆ ನೈಲಾನ್ ದಾರ ಹಾಕಿ ಮೇವಿನ ಹುಲ್ಲು ಕೊಯ್ಯಬೇಡಿ. ದಾರ ಹುಲ್ಲನ್ನು ಚಚ್ಚಿ ಚೂರು ಮಾಡುತ್ತದೆ, ಒಟ್ಟುಮಾಡಲು ಬರುವುದಿಲ್ಲ, ಮಣ್ಣೂ ಸೇರುತ್ತದೆ, ಕೂಳೆಯ ತುದಿ ಕೊಳೆಯುತ್ತದೆ. ಲೋಹದ ಬ್ಲೇಡ್ ಇದ್ದೂ ಹರಿಯುತ್ತಿದ್ದರೆ ಅಂಚು ಮೊಂಡಾಗಿದೆ ಅಥವಾ ಬ್ಲೇಡ್ ತಿರುಗುಮುರುಗಾಗಿ ಕೂತಿದೆ. ಬ್ಲೇಡ್ ಸರಿಯಿದ್ದು ಶಕ್ತಿ ಸಾಲದಿದ್ದರೆ ಏರ್ ಫಿಲ್ಟರ್ ಕೊಡವಿ, ಪ್ಲಗ್ ಒರೆಸಿ, ತಿಂಗಳಿಗಿಂತ ಹಳೆಯ ಎಣ್ಣೆ ಬೆರೆಸಿದ ಪೆಟ್ರೋಲ್ ಚೆಲ್ಲಿ ಹೊಸದು ಹಾಕಿ. ಎಣ್ಣೆಯ ಪ್ರಮಾಣ ಯಂತ್ರದ ಕೈಪಿಡಿಯಲ್ಲಿ ಹೇಳಿದಷ್ಟೇ ಇರಲಿ. ಬ್ಲೇಡಿನಲ್ಲಿ ಕೂದಲೆಳೆಯ ಬಿರುಕು ಕಂಡರೂ ಎಸೆಯಿರಿ, ವೆಲ್ಡಿಂಗ್ ಮಾಡಿಸಬೇಡಿ. ಕಲ್ಲು ಸಿಡಿಯುವುದರಿಂದ 15 ಮೀಟರ್ ಒಳಗೆ ಯಾರೂ ಇರಬಾರದು, ಕಣ್ಣಿಗೆ ಕನ್ನಡಕ ಇಲ್ಲದೆ ಯಂತ್ರ ಚಾಲೂ ಮಾಡಬಾರದು.

ಕೈಗತ್ತಿಯಲ್ಲಿ ಕೊಯ್ಯುವವರು ಬಗ್ಗುವ ಮುಂಚೆ ಕೋಲಿನಿಂದ ಹುಲ್ಲು ಸರಿಸಿ ನೋಡಿ. ಕೊಳಕುಮಂಡಲ ಹುಲ್ಲಿನ ಬುಡದಲ್ಲಿ ಅಲ್ಲಾಡದೆ ಮಲಗಿರುತ್ತದೆ. ರಾತ್ರಿ ಬಿಟ್ಟ ಹುಲ್ಲಿನ ರಾಶಿಯನ್ನು ಬೆಳಿಗ್ಗೆ ಬರಿಗೈಯಲ್ಲಿ ಎತ್ತಬಾರದು. ಕಚ್ಚಿದರೆ ಕಟ್ಟುಕಟ್ಟುವುದು, ಕೊಯ್ಯುವುದು ಬೇಡ. ಕಚ್ಚಿದ ಅಂಗ ಅಲ್ಲಾಡಿಸದೆ ನೇರ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಉಣುಗು, ಮಂಗನ ಕಾಯಿಲೆ ಹರಡುವುದು ಅದೇ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಿದ್ದಾಪುರದ ಕಡೆಯವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಅದರ ಕಾಲ ಡಿಸೆಂಬರಿನಿಂದ ಮೇ, ಕರಡ, ಅಂದರೆ ಬಲಿತು ಒಣಗಿದ ಬೇಣದ ಹುಲ್ಲು ಕೊಯ್ಯುವ ಕಾಲವೂ ಅದೇ. ತುಂಬುತೋಳಿನ ಅಂಗಿ, ಪ್ಯಾಂಟಿನ ತುದಿ ಕಾಲುಚೀಲದೊಳಗೆ, ಆರೋಗ್ಯ ಇಲಾಖೆ ಕೊಡುವ ಎಣ್ಣೆ ಮೈಗೆ. ಮನೆಗೆ ಬಂದ ಕೂಡಲೇ ಬಿಸಿನೀರು ಸೋಪಿನ ಸ್ನಾನ, ಬಟ್ಟೆಗೂ ಬಿಸಿನೀರು. ಬೇಣದಲ್ಲಿ ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಆ ಜಾಗದ ಕೊಯ್ಲು ನಿಲ್ಲಿಸಿ. ಕೊಯ್ಲಿನ ದಿನಗಳಲ್ಲಿ ಜ್ವರ, ತಲೆನೋವು, ಮೈಕೈ ಸೆಳೆತ ಬಂದರೆ ಮಾತ್ರೆ ನುಂಗಿ ಕಾಯಬೇಡಿ.

ಮೂರು ದಿನ ಬಿಸಿಲು ಬಿದ್ದರೂ ಒಣಗುತ್ತಿಲ್ಲ

ಹಸಿ ಹುಲ್ಲಿನಲ್ಲಿ ನೂರಕ್ಕೆ 70ರಿಂದ 80 ಪಾಲು ನೀರು. 100 ಕಿಲೋ ಹಸಿ ಹುಲ್ಲು 30 ಕಿಲೋ ಆಸುಪಾಸಿಗೆ ಇಳಿದರೆ ಮಾತ್ರ ಅದು ಒಣಹುಲ್ಲು. ಅಷ್ಟು ನೀರು ಹೋಗಲು ಬಿಸಿಲಿಗಿಂತ ಗಾಳಿ ಮುಖ್ಯ.

ಮೊದಲು ಕೊಯ್ದ ಹೊತ್ತು ವಿಚಾರಿಸಿ. ನವೆಂಬರಿನಲ್ಲಿ ಶಿರಸಿಯ ಇಬ್ಬನಿ ಬೆಳಿಗ್ಗೆ ಒಂಬತ್ತೂವರೆಯವರೆಗೂ ಹುಲ್ಲಿನ ಮೇಲಿರುತ್ತದೆ. ಏಳಕ್ಕೇ ಕೊಯ್ದು ಮಲಗಿಸಿದರೆ ಆ ನೀರೆಲ್ಲ ರಾಶಿಯ ಅಡಿಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ದಪ್ಪ ನೋಡಿ: ಹರಡಿದ ಹುಲ್ಲು ನಾಲ್ಕು ಬೆರಳು ಮೀರಬಾರದು. ಮೂರನೆಯದು ಮತ್ತೆ ಕೂಳೆ. ನಾಲ್ಕು ಬೆರಳು ಕೂಳೆ ಉಳಿಸಿದ ಬೇಣದಲ್ಲಿ ಕೊಯ್ದ ಹುಲ್ಲು ನೆಲಕ್ಕೆ ತಾಗದೆ, ಮಂಚದ ಮೇಲೆ ಹಾಸಿದಂತೆ ನಿಲ್ಲುತ್ತದೆ. ಅಡಿಗೆ ಕೈ ತೂರಿಸಿದರೆ ಗಾಳಿ ಆಡುವುದು ಗೊತ್ತಾಗುತ್ತದೆ. ಬೋಳಿಸಿದ ಜಾಗದಲ್ಲಿ ಅದೇ ಹುಲ್ಲು ಹಸಿ ಮಣ್ಣಿಗೆ ಅಂಟಿಕೊಂಡು ಅಡಿಭಾಗ ಎರಡೇ ದಿನಕ್ಕೆ ಕಂದಾಗುತ್ತದೆ.

ಸರಿಯಾದ ಕ್ರಮ ಇದು. ಇಬ್ಬನಿ ಆರಿದ ಮೇಲೆ ಕೊಯ್ಲು, ಮಧ್ಯಾಹ್ನ ಒಮ್ಮೆ ಮಗುಚುವುದು, ನಾಲ್ಕೂವರೆಗೆ ಮೊದಲು ಮೊಣಕಾಲೆತ್ತರದ ಸಣ್ಣ ಗುಪ್ಪೆ. ಗುಪ್ಪೆ ಮಾಡಿದರೆ ರಾತ್ರಿಯ ಇಬ್ಬನಿ ಹೊರಗಿನ ಪದರಕ್ಕೆ ಮಾತ್ರ ತಾಗುತ್ತದೆ. ಮರುದಿನ ನೆಲ ಆರಿದ ಮೇಲೆ ಮತ್ತೆ ಹರಡಿ. ಕರಾವಳಿಯಲ್ಲಿ ಚಳಿಗಾಲದ ಬೆಳಗಿನ ಮೂಡುಗಾಳಿ ಒಣಗಾಳಿ, ಮಧ್ಯಾಹ್ನದ ಮೇಲೆ ಬೀಸುವ ಕಡಲಗಾಳಿ ತೇವ ತರುತ್ತದೆ. ಅಂಕೋಲಾ, ಕಾರವಾರದವರು ಗುಪ್ಪೆಯನ್ನು ಇನ್ನೂ ಒಂದು ತಾಸು ಮುಂಚೆ ಮಾಡಿದರೆ ಒಳ್ಳೆಯದು.

ನೇಪಿಯರ್ ಇದ್ದರೆ ಒಣಗಿಸುವ ಹಟ ಬೇಡ. ಎಲೆ ಪುಡಿಯಾಗುವ ಹೊತ್ತಿಗೂ ಕಾಂಡದ ಗಿಣ್ಣಿನಲ್ಲಿ ನೀರು ಇರುತ್ತದೆ. ಅದನ್ನು ಎರಡು ಮೂರು ಸೆಂಟಿಮೀಟರ್ ಚೂರು ಮಾಡಿ, ಅರ್ಧ ದಿನ ಬಾಡಿಸಿ, 100 ಕಿಲೋಗೆ ಒಂದು ಕಿಲೋ ಬೆಲ್ಲದ ನೀರು ಚಿಮುಕಿಸಿ ಡ್ರಮ್ಮಿನಲ್ಲಿ ಗಾಳಿಯಾಡದಂತೆ ತುಳಿದು ಮುಚ್ಚಿದರೆ 45 ದಿನಕ್ಕೆ ರಸಮೇವು (ಸೈಲೇಜ್) ಸಿದ್ಧ.

ಮಲಗಿದ ಹುಲ್ಲಿಗೆ ಮಳೆ ಬಿತ್ತು

ಕೊಯ್ದ ಒಂದೆರಡು ತಾಸಿನೊಳಗೆ ಬಿದ್ದ ತುಂತುರಿಗೆ ಹೆದರಬೇಕಿಲ್ಲ. ಅರ್ಧ ಒಣಗಿದ ಮೇಲೆ ಬಿದ್ದ ಮಳೆಯೇ ಸತ್ವ ತೊಳೆದು ಒಯ್ಯುವುದು. ಮಳೆ ನಿಂತ ಕೂಡಲೇ ಮಗುಚಬೇಡಿ, ಮೇಲ್ಪದರ ಆರಲಿ. ಮೂರು ಸಲ ನೆನೆದು ಕಪ್ಪಾದದ್ದನ್ನು ಕೊಟ್ಟಿಗೆ ಹಾಸಿಗೆ ಅಥವಾ ತೋಟದ ಮುಚ್ಚಿಗೆಗೆ ಬಿಟ್ಟುಬಿಡಿ. ದೀಪಾವಳಿ ಬಂತು, ಇನ್ನು ಮಳೆಯಿಲ್ಲ ಎನ್ನುವ ಲೆಕ್ಕ ಈಗ ನಂಬುವಂತಿಲ್ಲ. 2019ರ ಅಕ್ಟೋಬರ್ ಕೊನೆಗೆ ಕ್ಯಾರ್ ಚಂಡಮಾರುತ ಬಂದಿದ್ದು ಸರಿಯಾಗಿ ಹಬ್ಬದ ಹೊತ್ತಿಗೇ. ಹವಾಮಾನ ಇಲಾಖೆಯ ಮೇಘದೂತ್ ಆ್ಯಪ್ ನೋಡಿ, ಮೂರು ದಿನದ ಹೊಳವು (ಮಳೆಯ ಬಿಡುವು) ಇದ್ದರೆ ಮೂರು ದಿನದಲ್ಲಿ ಒಟ್ಟುಮಾಡಬಲ್ಲಷ್ಟೇ ಕೊಯ್ಯಿರಿ.

ಹಾಗೆಂದು ಡಿಸೆಂಬರ್ ಕೊನೆಯವರೆಗೆ ಕಾಯುವುದೂ ನಷ್ಟವೇ. ತೆನೆ ಇಣುಕುವಾಗ ನೂರಕ್ಕೆ ಏಳೆಂಟು ಇದ್ದ ಪ್ರೋಟೀನು ಪೂರ್ತಿ ಬಲಿತು ಒಣಗಿದ ಕರಡದಲ್ಲಿ ಮೂರು ನಾಲ್ಕಕ್ಕೆ ಇಳಿಯುತ್ತದೆ. ಅದು ಹೊಟ್ಟೆ ತುಂಬಿಸುತ್ತದೆ, ಹಾಲಿಗೆ ದಕ್ಕುವುದಿಲ್ಲ. ಬೇಣದ ಒಳ್ಳೆಯ ಅರ್ಧ ಭಾಗವನ್ನು ಮೇವಿಗಾಗಿ ಬೇಗ, ಅಡಿಕೆ ಕೊನೆಕೊಯ್ಲಿನ ಗಡಿಬಿಡಿ ಶುರುವಾಗುವ ಮೊದಲು ಕೊಯ್ದು, ಉಳಿದರ್ಧವನ್ನು ಹಾಸಿಗಾಗಿ ನಿಧಾನಕ್ಕೆ ಕೊಯ್ಯುವುದು ಈ ಸೀಮೆಗೆ ಸರಿಹೊಂದುವ ದಾರಿ.

ಒಣಗಿದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ

ಎಲೆ ಮುಟ್ಟಿ ತೀರ್ಮಾನ ಮಾಡಬೇಡಿ, ಎಲೆ ಎಲ್ಲಕ್ಕಿಂತ ಮೊದಲು ಒಣಗುತ್ತದೆ. ರಾಶಿಯ ಅಡಿಯಿಂದ ಒಂದು ಹಿಡಿ ತೆಗೆದು ಬಟ್ಟೆ ಹಿಂಡುವಂತೆ ಹುರಿಮಾಡಿ. ಕಾಂಡ ಲಟಲಟ ಮುರಿದರೆ ಒಳ್ಳೆಯದು, ಬಾಗಿ ಹಗ್ಗದಂತಾದರೆ ಇನ್ನೂ ಹಸಿ. ಗಿಣ್ಣನ್ನು ಉಗುರಿನಿಂದ ಕೆರೆದಾಗ ಸಿಪ್ಪೆ ಏಳಬಾರದು.

ಅನುಮಾನ ಉಳಿದರೆ ಉಪ್ಪಿನ ಪರೀಕ್ಷೆ. ಒಣಗಿದ ಗಾಜಿನ ಬಾಟಲಿಗೆ ಬೆರಳುದ್ದ ಕತ್ತರಿಸಿದ ಹುಲ್ಲನ್ನು ಸಡಿಲವಾಗಿ ಅರ್ಧ ತುಂಬಿ, ಎರಡು ಚಮಚ ಪುಡಿ ಉಪ್ಪು ಹಾಕಿ, ಮುಚ್ಚಿ ಎರಡು ನಿಮಿಷ ಕುಲುಕಿ. ಉಪ್ಪು ಹಾಕಿದಂತೆಯೇ ಉದುರುದುರಾಗಿದ್ದರೆ ತೇವ ನೂರಕ್ಕೆ ಸುಮಾರು 15ಕ್ಕಿಂತ ಕಡಿಮೆ. ಗಾಜಿಗೆ ಅಂಟಿದರೆ, ಗಂಟು ಕಟ್ಟಿದರೆ ಹೆಚ್ಚು. ಇದಕ್ಕೆ ಸಾಣಿಕಟ್ಟೆಯ ಹರಳುಪ್ಪು ಬಳಸಬೇಡಿ. ಅದು ತಾನೇ ಗಾಳಿಯ ತೇವ ಕುಡಿದಿರುತ್ತದೆ, ಒಣ ಹುಲ್ಲನ್ನೂ ಹಸಿ ಎಂದು ತೋರಿಸುತ್ತದೆ. ಬೇರೆ ಉಪ್ಪು ಇಲ್ಲದಿದ್ದರೆ ಅದನ್ನೇ ಬಾಣಲೆಯಲ್ಲಿ ಹುರಿದು, ಕುಟ್ಟಿ, ಆರಿಸಿ ಕೂಡಲೇ ಉಪಯೋಗಿಸಿ.

ಇನ್ನೂ ನಿಖರ ಬೇಕೆಂದರೆ ಅಡುಗೆಮನೆಯ ತಕ್ಕಡಿ. ಐದಾರು ಕಡೆಯಿಂದ ತೆಗೆದ 100 ಗ್ರಾಂ ಹುಲ್ಲನ್ನು ಕತ್ತರಿಸಿ ಸಣ್ಣ ಉರಿಯ ಬಾಣಲೆಯಲ್ಲಿ ಕೈಯಾಡಿಸುತ್ತಾ ಬಿಸಿ ಮಾಡಿ, ಐದು ನಿಮಿಷಕ್ಕೊಮ್ಮೆ ತೂಗಿ. ಎರಡು ಸಲ ಒಂದೇ ತೂಕ ಬಂದಾಗ ನಿಲ್ಲಿಸಿ. ಕಂದಾಗಲು ಬಿಟ್ಟರೆ ಲೆಕ್ಕ ತಪ್ಪುತ್ತದೆ. 84 ಗ್ರಾಂ ಉಳಿದರೆ ತೇವ ನೂರಕ್ಕೆ 16. ಬಿಗಿಯಾಗಿ ಕಟ್ಟು ಕಟ್ಟಲು ಇದೇ ಮಿತಿ. 20ರವರೆಗೆ ಇದ್ದರೆ ಅಟ್ಟದ ಮೇಲೆ ಸಡಿಲವಾಗಿ, ತೆಳುವಾಗಿ ಹರಡಬಹುದು. ಅದಕ್ಕೂ ಹೆಚ್ಚಾದರೆ ಬೇಣಕ್ಕೆ ವಾಪಸ್. ಹಸಿ ಹುಲ್ಲಿನ ನಡುವೆ ಉಪ್ಪು ಎರಚಿದರೆ ಸರಿಹೋಗುತ್ತದೆಂದು ನಂಬಬೇಡಿ. ರುಚಿ ಹೆಚ್ಚೀತು, ತೇವ ಹೋಗದು.

ಗೊಣಬೆ ಬಿಸಿಯಾಗಿದೆ

ಒಟ್ಟಿದ ಮೊದಲ ವಾರ ಸ್ವಲ್ಪ ಬೆಚ್ಚಗಾಗುವುದು ಸಹಜ. ಹುಲ್ಲಿನಲ್ಲಿ ಉಳಿದ ತೇವಕ್ಕೆ ಸೂಕ್ಷ್ಮಜೀವಿಗಳು ಉಸಿರಾಡುತ್ತವೆ, ಆ ಶಾಖ ಹೊರಹೋಗಲು ದಾರಿಯಿಲ್ಲದೆ ಏರುತ್ತದೆ. ಅಪಾಯ ಹೆಚ್ಚು ಇರುವುದು ಮೊದಲ ಮೂರು ವಾರ, ಆರು ವಾರದವರೆಗೂ ಗಮನವಿರಲಿ.

ಕಬ್ಬಿಣದ ಹಾರೆಯನ್ನು ಗೊಣಬೆಯ ನಡುವಿಗೆ ತೂರಿ ಅರ್ಧ ತಾಸು ಬಿಟ್ಟು ಎಳೆದು ತುದಿ ಹಿಡಿದು ನೋಡಿ. ಆರಾಮಾಗಿ ಹಿಡಿಯಲು ಬಂದರೆ ತೊಂದರೆಯಿಲ್ಲ. ನಾಲ್ಕೈದು ಎಣಿಸುವಷ್ಟರಲ್ಲಿ ಕೈ ಬಿಡಬೇಕೆನಿಸಿದರೆ ಹುಷಾರಾಗಬೇಕು. ಮುಟ್ಟಲಾಗದಿದ್ದರೆ ಅಪಾಯ. ಸಂಖ್ಯೆ ಬೇಕಾದವರು ತುದಿ ಚೂಪು ಮಾಡಿ ತೂತು ಕೊರೆದ ಕಬ್ಬಿಣದ ಪೈಪ್ ಚುಚ್ಚಿ, ಅದರೊಳಗೆ 100 ಡಿಗ್ರಿವರೆಗೆ ತೋರಿಸುವ ಥರ್ಮಾಮೀಟರನ್ನು ದಾರ ಕಟ್ಟಿ ಇಳಿಸಬಹುದು. 50 ಡಿಗ್ರಿಯೊಳಗೆ ಇದ್ದರೆ ದಿನಕ್ಕೊಮ್ಮೆ ನೋಡಿ. 50ರಿಂದ 65ರ ನಡುವೆ ದಿನಕ್ಕೆರಡು ಸಲ ನೋಡಿ, ಏರುತ್ತಲೇ ಇದ್ದರೆ ಹಗಲು ಹೊತ್ತಿನಲ್ಲಿ, ನೀರಿನ ಪೈಪ್ ಕೈಗೆ ಸಿಗುವಂತಿಟ್ಟುಕೊಂಡು, ಬಿಚ್ಚಿ ಹರಡಿ.

65 ದಾಟಿದರೆ ನಿಮ್ಮ ಕೆಲಸ ಅಲ್ಲಿಗೆ ನಿಲ್ಲಬೇಕು. ಒಳಗೆ ಕನಲುತ್ತಿರುವ ಹುಲ್ಲಿಗೆ ಗಾಳಿ ಸಿಕ್ಕಿದ ಕ್ಷಣ ಉರಿ ಏಳುತ್ತದೆ. ಬಿಚ್ಚಬೇಡಿ, ಮೇಲೆ ಹತ್ತಬೇಡಿ: ಒಳಗೆ ಸುಟ್ಟು ಪೊಳ್ಳಾಗಿದ್ದರೆ ಕಾಲು ಕುಸಿದು ಬೆಂಕಿಗೇ ಇಳಿಯುತ್ತೀರಿ. ದನ ಬಿಚ್ಚಿ ದೂರ ಕಟ್ಟಿ, ಕೊಟ್ಟಿಗೆಯ ಕರೆಂಟ್ ತೆಗೆದು, 112 ಅಥವಾ 101ಕ್ಕೆ ಫೋನ್ ಮಾಡಿ. ಕೊಟ್ಟಿಗೆಯ ಅಟ್ಟದ ಮೇಲೆ ಹುಲ್ಲು, ಕೆಳಗೆ ದನ, ಪಕ್ಕದಲ್ಲೇ ಮನೆ ಇರುವ ನಮ್ಮ ಕಟ್ಟಡಗಳಲ್ಲಿ ಇನ್ನೊಂದು ದಿನ ನೋಡೋಣ ಎನ್ನುವುದಕ್ಕೆ ಜಾಗವಿಲ್ಲ.

ಬಿಸಿ ತಾನಾಗಿ ಇಳಿದು ಹುಲ್ಲು ಕಂದಾಗಿ, ಆಲೆಮನೆಯಲ್ಲಿ ಬೆಲ್ಲ ಕಾಯುವಂಥ ವಾಸನೆ ಬಂದಿರಬಹುದು. ದನ ಅದನ್ನು ಖುಷಿಯಿಂದ ತಿನ್ನುತ್ತದೆ. ಆದರೆ ಶಾಖಕ್ಕೆ ಪ್ರೋಟೀನು ಕಟ್ಟಿಹೋಗಿ ಜೀರ್ಣವಾಗುವುದಿಲ್ಲ, ಹಿಂಡಿ ಸ್ವಲ್ಪ ಹೆಚ್ಚು ಕೊಡಬೇಕಾಗುತ್ತದೆ.

ಬೂಷ್ಟು ಬಂದಿದೆ

ಬೂಷ್ಟು ಎಲ್ಲಿದೆ ಎಂಬುದೇ ಕಾರಣ ಹೇಳುತ್ತದೆ. ಮೇಲ್ಪದರದಲ್ಲಿ ಮಾತ್ರ, ಅದೂ ಸಾಲು ಸಾಲಾಗಿ ಇದ್ದರೆ ತಗಡಿನ ಅಡಿಗೆ ರಾತ್ರಿ ಕಟ್ಟಿದ ನೀರು ತೊಟ್ಟಿಕ್ಕಿದೆ. ಹುಲ್ಲಿಗೂ ತಗಡಿಗೂ ಎರಡಡಿ ಬಿಡುವು ಕೊಟ್ಟು ಎರಡೂ ಗೋಡೆಗೆ ಗಾಳಿಕಿಂಡಿ ಇಡಿ. ಒಂದೇ ಜಾಗದಲ್ಲಿ ಗುಂಡಗೆ ಇದ್ದರೆ ಹೆಂಚು ಒಡೆದಿದೆ. ಅಡಿಯಲ್ಲಿದ್ದರೆ ನೆಲದ ತೇವ ಏರಿದೆ, ಕಲ್ಲಿನ ಮೇಲೆ ಅಡಿಕೆ ದಬ್ಬೆ ಹಾಸಿ ಒಂದಡಿ ಎತ್ತರಿಸಿ. ನಟ್ಟನಡುವೆ ಇದ್ದರೆ ಕಟ್ಟಡದ್ದು ತಪ್ಪಿಲ್ಲ, ಹುಲ್ಲನ್ನೇ ಹಸಿಯಾಗಿ ಏರಿಸಿದ್ದೀರಿ. ಟಾರ್ಪಾಲನ್ನು ನೆಲದವರೆಗೆ ಬಿಗಿದು ಕಟ್ಟಿದ ಗೊಣಬೆಯಲ್ಲಿ ಸುತ್ತಲೂ ಬೂಷ್ಟು ಬರುತ್ತದೆ, ಅಂಚು ಎರಡಡಿ ಮೇಲಿರಲಿ.

ಬೂಷ್ಟು ಹಿಡಿದದ್ದನ್ನು ಬಿಸಿಲಿಗೆ ಹಾಕಿ ಕೊಡವಿ ತಿನ್ನಿಸುವುದು ಬೇಡ. ಹಸುವಿನ ಗಬ್ಬ ಇಳಿದುಹೋಗಬಹುದು, ಬೂಷ್ಟಿನ ವಿಷ ಹಾಲಿಗೂ ಇಳಿಯಬಹುದು. ಅದನ್ನು ಕೆದಕುವಾಗ ಏಳುವ ಬಿಳಿ ಧೂಳು ಮನುಷ್ಯರ ಶ್ವಾಸಕೋಶಕ್ಕೂ ಕೇಡು. ಮಾಸ್ಕ್ ಹಾಕಿ, ಕಿಟಕಿ ತೆರೆದು, ನೇರ ಗೊಬ್ಬರದ ಗುಂಡಿಗೆ ಹಾಕಿ. ಹುಲ್ಲಿನ ಕೆಲಸ ಮಾಡಿದ ದಿನ ಸಂಜೆ ಕೆಮ್ಮು, ಚಳಿ, ಎದೆ ಬಿಗಿತ ಮರುಕಳಿಸುತ್ತಿದ್ದರೆ ಡಾಕ್ಟರಿಗೆ ಹುಲ್ಲಿನ ವಿಷಯ ಹೇಳಲೇಬೇಕು. ಇಲಿ ಉಚ್ಚೆ ತಾಗಿದ ಹುಲ್ಲನ್ನು ಗಾಯವಿದ್ದ ಕೈಯಲ್ಲಿ ಮುಟ್ಟಬೇಡಿ, ಇಲಿಜ್ವರದ ಭಯವಿದೆ.

ದನ ಮೂಸಿ ಬಿಡುತ್ತಿವೆ

ನೀವೇ ಮೊದಲು ಮೂಸಿ. ಒಳ್ಳೆಯ ಒಣಹುಲ್ಲಿಗೆ ಚಹಾಪುಡಿಯಂಥ ಪರಿಮಳ ಇರುತ್ತದೆ. ಮುಗ್ಗಲು ವಾಸನೆ ಇದ್ದರೆ ಹಿಂದಿನ ಭಾಗ ನೋಡಿ. ವಾಸನೆ ಸರಿಯಿದ್ದೂ ಕಾಂಡ ಮಾತ್ರ ಉಳಿಸುತ್ತಿದ್ದರೆ ಹುಲ್ಲು ಬಲಿತದ್ದು: ಚೂರು ಮಾಡಿ ಹಾಕಿ, ಅಥವಾ ಯೂರಿಯಾ ಉಪಚಾರ ಮಾಡಿ. 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಸಮನಾಗಿ ಚಿಮುಕಿಸಿ ತುಳಿದು, ಪ್ಲಾಸ್ಟಿಕ್ ಹೊದೆಸಿ 21 ದಿನ ಗಾಳಿಯಾಡದಂತೆ ಇಡಿ. ತಿನ್ನಿಸುವ ಮುಂಚೆ ಒಂದು ತಾಸು ಬಿಚ್ಚಿಟ್ಟು ಘಾಟು ಹೋಗಲಿ, ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಿ. ಆರು ತಿಂಗಳೊಳಗಿನ ಕರುವಿಗೆ ಬೇಡ. ಯೂರಿಯಾ ನೀರಿನ ಬಕೆಟ್ ದನದ ಬಾಯಿಗೆ ಸಿಕ್ಕರೆ ಪ್ರಾಣಕ್ಕೇ ಅಪಾಯ, ತೊಳೆದು ಕವುಚಿಡಿ.

ತೋಟದೊಳಗಿನ ಹುಲ್ಲಾದರೆ ಎಲೆಯ ಮೇಲೆ ತಿಳಿನೀಲಿ ಕಲೆ ಇದೆಯೇ ನೋಡಿ. ಅಡಿಕೆಯ ಕೊಳೆರೋಗಕ್ಕೆ ಹೊಡೆದ ಬೋರ್ಡೋ ದ್ರಾವಣದಿಂದ ತೊಟ್ಟಿಕ್ಕಿದ ಮೈಲುತುತ್ತ ಅದು. ಕಲೆಯಿರುವ ಹುಲ್ಲನ್ನು ದನಕ್ಕೆ ಹಾಕಬೇಡಿ, ಕುರಿಗಂತೂ ತಾಮ್ರ ಸ್ವಲ್ಪವೂ ತಡೆಯದು.

ಕೆಲವು ಲಕ್ಷಣ ಕಂಡರೆ ಹುಲ್ಲಿನ ಪರೀಕ್ಷೆ ಬಿಟ್ಟು ಪಶುವೈದ್ಯರನ್ನು ಕರೆಯಿರಿ. ಕಣ್ಣು ಹಳದಿಯಾಗಿ, ಬಿಸಿಲಿಗೆ ಹೋದರೆ ಬಿಳಿ ಚರ್ಮ ಸುಲಿದು, ಮೂತಿ ಬಿರಿದರೆ ಚದುರಂಗಿ ಹೊಟ್ಟೆ ಸೇರಿರಬಹುದು. ತಿಂದ ಕೆಲವೇ ತಾಸಿನಲ್ಲಿ ಏದುಸಿರು, ತೂರಾಟ, ವಸಡು ಕಂದುಬಣ್ಣ ಆದರೆ ನೈಟ್ರೇಟ್ ವಿಷ: ಯೂರಿಯಾ ಹಾಕಿ ಮೋಡದ ದಿನಗಳಲ್ಲಿ ಅವಸರಕ್ಕೆ ಕೊಯ್ದ ಹುಲ್ಲಿನಲ್ಲಿ ಇದು ಉಳಿದಿರುತ್ತದೆ, ಒಣಗಿಸಿದರೂ ಹೋಗುವುದಿಲ್ಲ. ಇದಕ್ಕೆ ಮನೆಮದ್ದಿಲ್ಲ, ತಡ ಮಾಡುವಂತಿಲ್ಲ. ಪಶು ಸಂಚಾರಿ ವಾಹನಕ್ಕೆ 1962ಕ್ಕೆ ಫೋನ್ ಮಾಡಿ, ಗ್ವಾದಲಿಯಲ್ಲಿ (ಮೇವು ಹಾಕುವ ತೊಟ್ಟಿ) ಉಳಿದ ಹುಲ್ಲನ್ನೆಲ್ಲ ತೆಗೆದು ಒಂದು ಹಿಡಿಯನ್ನು ಕವರಿನಲ್ಲಿ ಕಟ್ಟಿಡಿ. ಯಾವ ಬೇಣದ್ದು, ಎಂದು ಕೊಯ್ದದ್ದು, ಗೊಬ್ಬರ ಯಾವಾಗ ಹಾಕಿದ್ದು ಎಂದು ಅದರ ಮೇಲೆ ಬರೆದು ವೈದ್ಯರ ಕೈಗೆ ಕೊಡಿ.